ಪೇಟೆಯಲ್ಲಿ ಅಂಗಡಿಗಳು ಮುಚ್ಚುತ್ತಿವೆ, ನಾನು 5 ವರ್ಷಕ್ಕೆ ಸಹಿ ಹಾಕಲಾ?

ಓದುಗರ ಪ್ರಶ್ನೆ: "ನಗರದ ನಡುಪೇಟೆಯಲ್ಲಿ ನನ್ನದೊಂದು ಸಣ್ಣ ವಾಚ್ ಅಂಗಡಿ. ಮಾರಾಟವೂ ಇದೆ, ರಿಪೇರಿಯೂ ಇದೆ. 11 ವರ್ಷದಿಂದ ಇದೇ ಮಳಿಗೆ. ಕಳೆದ ಒಂದೂವರೆ ವರ್ಷದಲ್ಲಿ ನಮ್ಮ ಬೀದಿಯಲ್ಲೇ 7 ಅಂಗಡಿ ಮುಚ್ಚಿದವು. ಮೂಲೆಯಲ್ಲಿದ್ದ ದೊಡ್ಡ ಬಟ್ಟೆ ಅಂಗಡಿ ಹೋಗಿ 14 ತಿಂಗಳಾಯಿತು, ಇನ್ನೂ ಖಾಲಿ. ನಮ್ಮ ಎದುರಿನ ಮಳಿಗೆಯಲ್ಲಿ ಒಂದರ ಹಿಂದೆ ಒಂದು ಮೂರು ರೆಸ್ಟೋರೆಂಟ್ ಬಂದು ಹೋದವು, ಈಗ ನಾಲ್ಕನೆಯದಕ್ಕೆ ಬಣ್ಣ ಹೊಡೆಯುತ್ತಿದ್ದಾರೆ. ಆ ಜಾಗವೇ ಸರಿಯಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಬಾಡಿಗೆ ಕರಾರು 4 ತಿಂಗಳಲ್ಲಿ ಮುಗಿಯುತ್ತದೆ. ಮಾಲೀಕರು 15% ಏರಿಸಿ 5 ವರ್ಷಕ್ಕೆ ಸಹಿ ಹಾಕಿ ಅನ್ನುತ್ತಿದ್ದಾರೆ, ಮಧ್ಯೆ ಬಿಡುವ ಹಾಗಿಲ್ಲವಂತೆ. ನನ್ನ ತಮ್ಮ ಊರಾಚೆಯ ಮಾಲ್‌ಗೆ ಹೋಗೋಣ, ಅಲ್ಲಿ ಪಾರ್ಕಿಂಗ್ ಆದರೂ ಇದೆ ಅನ್ನುತ್ತಾನೆ. ಹೆಂಡತಿ ಇದೇ ಬೀದಿಯಲ್ಲಿ ಮಹಡಿ ಮೇಲೆ ಒಂದು ಚಿಕ್ಕ ಕೋಣೆ ಸಾಕು ಅನ್ನುತ್ತಾಳೆ. ನಮ್ಮ ಪೇಟೆ ಸಾಯುತ್ತಿದೆಯಾ? ಖಾಲಿ ಬಿಟ್ಟರೂ ಈ ಮಾಲೀಕರು ಬಾಡಿಗೆ ಯಾಕೆ ಇಳಿಸುವುದಿಲ್ಲ? ನಾನು ಏನು ಮಾಡಲಿ?"

ಉತ್ತರ: ಕೇಳಿದ ಪ್ರಶ್ನೆಗಳು ಹಲವು, ಆದರೆ ಅದರ ಹಿಂದಿನ ಭಯ ಒಂದೇ ಅಂತ ನನಗೆ ಅನಿಸುತ್ತದೆ. 5 ವರ್ಷಕ್ಕೆ ಸಹಿ ಹಾಕಿದ ಮೇಲೆ ಅಕ್ಕಪಕ್ಕದವರೆಲ್ಲ ಜಾಗ ಖಾಲಿ ಮಾಡಿ ನೀವೊಬ್ಬರೇ ಉಳಿದುಬಿಟ್ಟರೆ? ಅಥವಾ ಈಗ ಹೆದರಿ ಬಿಟ್ಟು ಹೋದ ಮೇಲೆ ಬೀದಿ ಮತ್ತೆ ಚಿಗುರಿಕೊಂಡರೆ? ಎರಡೂ ಆಗಿರುವುದನ್ನು ನಾನು ನೋಡಿದ್ದೇನೆ. ಅಂಗಡಿಗಳಿಗೆ ಜಾಗ ನೋಡಿಕೊಡುವುದು, ಕರಾರು ಮಾತಾಡಿಕೊಡುವುದು ನನ್ನ ಕೆಲಸ. ಆ ಅನುಭವದ ಮೇಲೆ ಮೊದಲೇ ಹೇಳಿಬಿಡುತ್ತೇನೆ: ಮಾಲೀಕರು ಕೊಟ್ಟ ಕಾಗದಕ್ಕೆ ಇದ್ದ ಹಾಗೇ ಸಹಿ ಹಾಕಬೇಡಿ. ಹಾಗಂತ ಮಾಲ್‌ಗೂ ಓಡಬೇಡಿ.

ಆ 7 ಅಂಗಡಿಗಳ ವಿಷಯಕ್ಕೆ ಬರೋಣ. ಶಟರ್ ಎಳೆದ ಅಂಗಡಿ ದಿನಾ ಕಣ್ಣಿಗೆ ಬೀಳುತ್ತದೆ, ಹೊಸದಾಗಿ ತೆರೆದದ್ದು ವಾರದಲ್ಲಿ ರೂಢಿಯಾಗಿಬಿಡುತ್ತದೆ. ಹಾಗಾಗಿ ಎಲ್ಲರೂ ಮುಚ್ಚಿದ್ದನ್ನಷ್ಟೇ ಎಣಿಸುತ್ತಾರೆ. ಆದರೆ ವ್ಯಾಪಾರದಲ್ಲಿ ಬರುವವರು ಹೋಗುವವರು ಯಾವಾಗಲೂ ಇರುತ್ತಾರೆ. ಅಮೆರಿಕದ ಸರ್ಕಾರಿ ಅಂಕಿಅಂಶ ನೋಡಿದರೆ, ಹೊಸದಾಗಿ ಶುರುವಾದ ವ್ಯವಹಾರಗಳಲ್ಲಿ ಸುಮಾರು ಐದರಲ್ಲಿ ಒಂದು ಮೊದಲ ವರ್ಷದಲ್ಲೇ ಮುಚ್ಚುತ್ತದೆ, 5 ವರ್ಷ ತುಂಬುವ ಹೊತ್ತಿಗೆ ಹೆಚ್ಚೂಕಮ್ಮಿ ಅರ್ಧ ಹೋಗಿರುತ್ತವೆ. ಕಾಲ ಚೆನ್ನಾಗಿದ್ದಾಗಲೂ ಈ ಲೆಕ್ಕ ತುಂಬಾ ಬದಲಾಗುವುದಿಲ್ಲ.

ರೆಸ್ಟೋರೆಂಟ್‌ಗಳ ಬಗ್ಗೆ ಇನ್ನೊಂದು ಮಾತಿದೆ, ನೂರಕ್ಕೆ 90 ಮೊದಲ ವರ್ಷವೇ ಮುಳುಗುತ್ತವೆ ಅಂತ. ಸಾಲ ಕೇಳಲು ಹೋದವರಿಗೆ ಬ್ಯಾಂಕಿನಲ್ಲೂ ಇದನ್ನೇ ಹೇಳಿ ಹೆದರಿಸುತ್ತಾರೆ. ಇದು ನಿಜ ಅಲ್ಲ. ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ 1996ರಿಂದ 1999ರವರೆಗಿನ ಲೆಕ್ಕ ಹಿಡಿದು ಸಂಶೋಧಕ ಪಾರ್ಸಾ ಮತ್ತು ಜೊತೆಗಾರರು ಒಂದು ಅಧ್ಯಯನ ಮಾಡಿದರು, 2005ರಲ್ಲಿ ಅದು ಪ್ರಕಟವಾಯಿತು. ಮೊದಲ ವರ್ಷದಲ್ಲಿ ಹೋದದ್ದು ಸುಮಾರು 26%, ಮೂರು ವರ್ಷದಲ್ಲಿ ಸುಮಾರು 60%. ಅದರಲ್ಲೂ ಕೈ ಬದಲಾದದ್ದು, ಅಂದರೆ ಒಬ್ಬರು ಇನ್ನೊಬ್ಬರಿಗೆ ಮಾರಿದ್ದು ಸೇರಿದೆ. ಮುಚ್ಚಿದವರನ್ನು ಮಾತಾಡಿಸಿದಾಗ ಸಿಕ್ಕ ಕಾರಣಗಳಲ್ಲಿ ನಷ್ಟದ ಜೊತೆಗೆ ಮನೆ ಸಂಸಾರಕ್ಕೆ ಸಮಯ ಸಿಗದೆ ಸಾಕಾಯಿತು ಅನ್ನುವುದೂ ಇತ್ತು. ಶಟರ್ ಮೇಲೆ ಕಾರಣ ಬರೆದಿರುವುದಿಲ್ಲ ಅಲ್ವಾ? ವಯಸ್ಸಾಗಿ ಬಿಟ್ಟವರು, ಮಕ್ಕಳಿಗೆ ಆಸಕ್ತಿ ಇಲ್ಲದವರು, ಪಾಲುದಾರರು ಜಗಳ ಆಡಿಕೊಂಡವರು, ಪಕ್ಕದ ಬೀದಿಯಲ್ಲಿ ದೊಡ್ಡ ಜಾಗ ಸಿಕ್ಕವರು, ಎಲ್ಲರ ಶಟರೂ ಹೊರಗಿನಿಂದ ಒಂದೇ ಥರ ಕಾಣುತ್ತದೆ. ಆ 7 ಜನರಲ್ಲಿ ಎಷ್ಟು ಮಂದಿ ವ್ಯಾಪಾರ ಇಲ್ಲದೆ ಹೋದರು ಅಂತ ನಿಮಗೆ ಗೊತ್ತಿದೆಯಾ? 11 ವರ್ಷ ಒಟ್ಟಿಗೆ ಇದ್ದವರು, ಫೋನ್ ಮಾಡಿ ಕೇಳಿ. ಹೇಳುತ್ತಾರೆ.

ಮುಚ್ಚಿದವು ಎಷ್ಟು ಅನ್ನುವುದನ್ನು ನಾನು ಅಷ್ಟಾಗಿ ನೋಡುವುದಿಲ್ಲ. ಮುಚ್ಚಿದ ಮಳಿಗೆ ಎಷ್ಟು ತಿಂಗಳು ಖಾಲಿ ಬಿದ್ದಿತ್ತು, ಆಮೇಲೆ ಯಾರು ಬಂದರು ಅನ್ನುವುದನ್ನು ನೋಡುತ್ತೇನೆ. ಸಣ್ಣ ಮಳಿಗೆಗಳು ನಾಲ್ಕೈದು ತಿಂಗಳಲ್ಲಿ ತುಂಬಿಕೊಳ್ಳುತ್ತಿದ್ದರೆ ಬೀದಿ ಗಟ್ಟಿಯಾಗಿದೆ, ವ್ಯಾಪಾರದ ಬಗೆ ಬದಲಾಗುತ್ತಿದೆ ಅಷ್ಟೇ. ಅಂಗಡಿ ಇದ್ದ ಕಡೆ ಗೋದಾಮು ಬಂತು, ಗಾಜಿಗೆಲ್ಲ ಸ್ಟಿಕ್ಕರ್ ಅಂಟಿಸಿ ಒಳಗೆ ಬರೀ ಪಾರ್ಸೆಲ್ ಅಡುಗೆಮನೆ ನಡೆಸುತ್ತಿದ್ದಾರೆ ಅಂದರೆ ಮಾತ್ರ ಯೋಚನೆ ಮಾಡಬೇಕು. ಬಾಡಿಗೆ ಬರುತ್ತಿದ್ದರೂ ಅದರಿಂದ ಬೀದಿಗೆ ಒಬ್ಬ ಮನುಷ್ಯನೂ ಬರುವುದಿಲ್ಲ. ರಾತ್ರಿ ಎಂಟರ ಹೊತ್ತಿಗೆ ಬಾಗಿಲ ಮುಂದೆ ಡೆಲಿವರಿ ಹುಡುಗರ ಸ್ಕೂಟರ್ ಸಾಲು, ಒಳಗೆ ಕೂತು ತಿನ್ನಲು ಒಂದು ಮೇಜೂ ಇಲ್ಲ. ಅಂಥವು ಸಾಲಾಗಿ ಮೂರು ನಾಲ್ಕು ಆದರೆ ಪಕ್ಕದ ಅಂಗಡಿಗೆ ಏಟು ಬೀಳುತ್ತದೆ.

ಎದುರಿನ ರೆಸ್ಟೋರೆಂಟ್ ಮಳಿಗೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ "ಆ ಜಾಗವೇ ಸರಿಯಿಲ್ಲ" ಅನ್ನುವ ಮಾತು ಎಲ್ಲ ಊರಲ್ಲೂ ಯಾವುದೋ ಒಂದು ಮಳಿಗೆಗೆ ಅಂಟಿಕೊಂಡಿರುತ್ತದೆ. ರೆಸ್ಟೋರೆಂಟ್ ಮುಚ್ಚಿದ ಮಳಿಗೆಗೆ ಹೊಸಬರನ್ನು ಕರೆದುಕೊಂಡು ಹೋದಾಗ, ಅನುಭವ ಇರುವವರು ಮೊದಲು ತಲೆ ಎತ್ತಿ ಮೇಲೆ ನೋಡುತ್ತಾರೆ. ಒಲೆಯ ಮೇಲಿನ ಹೊಗೆ ಹೀರುವ ಹುಡ್, ಅಲ್ಲಿಂದ ಛಾವಣಿವರೆಗೆ ಹೋಗಿರುವ ತಗಡಿನ ಕೊಳವೆ. ಆಮೇಲೆ ಬಗ್ಗಿ ಸಿಂಕ್ ಕೆಳಗೆ, ಎಣ್ಣೆ ಜಿಡ್ಡು ತಡೆಯುವ ತೊಟ್ಟಿ. ಗ್ಯಾಸ್ ಲೈನ್, ಜಾಸ್ತಿ ಲೋಡಿನ ಕರೆಂಟು, ನೆಲದ ಇಳಿಜಾರು, ನೀರು ಹೋಗುವ ಜಾಲರಿ. ಇವನ್ನೆಲ್ಲ ಹೊಸದಾಗಿ ಮಾಡಿಸಲು ಹೋದರೆ ಬಂಡವಾಳದ ದೊಡ್ಡ ಪಾಲು ಅಲ್ಲೇ ಮುಗಿಯುತ್ತದೆ, ಕಟ್ಟಡದ ಮೇಲಿನ ಮನೆಯವರು ಕೊಳವೆಗೆ ಒಪ್ಪದಿದ್ದರೆ ಆ ಜಾಗ ಯಾವತ್ತೂ ರೆಸ್ಟೋರೆಂಟ್ ಆಗುವುದೇ ಇಲ್ಲ. ಹಾಗಾಗಿ ಒಂದು ಸಲ ಅಡುಗೆಮನೆ ಆದ ಮಳಿಗೆಗೆ ಮತ್ತೆ ಮತ್ತೆ ಅಡುಗೆಯವರೇ ಬರುತ್ತಾರೆ. ಅದರಲ್ಲೂ ಕೈಯಲ್ಲಿ ದುಡ್ಡು ಕಡಿಮೆ ಇರುವವರು, ಮೊದಲ ಸಲ ಕೈ ಹಾಕುವವರು ಇಂಥ ಜಾಗವನ್ನೇ ಹುಡುಕುತ್ತಾರೆ. ಅವರ ಹತ್ತಿರ ಕೆಟ್ಟ ಆರು ತಿಂಗಳನ್ನು ತಳ್ಳುವಷ್ಟು ಹಣ ಇರುವುದಿಲ್ಲ. ಜಾಗದ ದೋಷ ಅಂತ ಜನ ಹೇಳುವುದರಲ್ಲಿ ಮುಕ್ಕಾಲು ಪಾಲು ಇದೇ.

ರೆಸ್ಟೋರೆಂಟಿನ ಲೆಕ್ಕವೇ ಹಾಗಿದೆ. ಬಂದ ನೂರರಲ್ಲಿ ಅಡುಗೆ ಸಾಮಾನಿಗೆ ಸುಮಾರು 30, ಕೆಲಸದವರಿಗೆ ಸುಮಾರು 30, ಬಾಡಿಗೆ 10 ದಾಟಬಾರದು, ಉಳಿದದ್ದರಲ್ಲಿ ಕರೆಂಟು, ಗ್ಯಾಸು, ರಿಪೇರಿ, ಸಾಲದ ಕಂತು. ಎಲ್ಲ ಸರಿಯಾಗಿ ನಡೆದರೆ ಕೊನೆಗೆ ಕೈಗೆ ಸಿಗುವುದು ನಾಲ್ಕೋ ಐದೋ. ಡೆಲಿವರಿ ಆ್ಯಪ್‌ಗಳು ಒಂದು ಆರ್ಡರಿನಲ್ಲಿ 15ರಿಂದ 30% ಕಮಿಷನ್ ಹಿಡಿದರೆ ಆ ನಾಲ್ಕೈದು ಎಲ್ಲಿ ಉಳಿಯುತ್ತದೆ? ಮುಂಚೆ ಆಫೀಸಿನವರು ವಾರಕ್ಕೆ ಐದು ದಿನ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದರು. ಕೋವಿಡ್ ಆದ ಮೇಲೆ ಎಷ್ಟೋ ನಗರಗಳ ನಡುಪೇಟೆಯಲ್ಲಿ ಆ ಐದು ಮೂರಕ್ಕೆ ಇಳಿದಿದೆ, ಸೋಮವಾರ ಶುಕ್ರವಾರ ಖಾಲಿ ಖಾಲಿ. ಇಷ್ಟು ಸಣ್ಣ ಲಾಭದ ಮೇಲೆ ನಿಂತಿರುವವರು ಎರಡು ದಿನದ ಗಿರಾಕಿ ಕಳೆದುಕೊಂಡರೆ ನಿಲ್ಲುವುದು ಕಷ್ಟ. ಅದಕ್ಕೇ ಹೇಳುವುದು, ರೆಸ್ಟೋರೆಂಟ್ ಮುಚ್ಚಿತು ಅಂತ ನೋಡಿಕೊಂಡು ವಾಚ್ ಅಂಗಡಿಯವರು ತಮ್ಮ ಭವಿಷ್ಯ ತೀರ್ಮಾನ ಮಾಡಬಾರದು. ನಿಮ್ಮ ಲೆಕ್ಕ ಬೇರೆ.

ನಿಮಗೆ ನಿಜಕ್ಕೂ ಚಿಂತೆ ಆಗಬೇಕಾದದ್ದು ಮೂಲೆಯ ಬಟ್ಟೆ ಅಂಗಡಿ. ದೊಡ್ಡ ಅಂಗಡಿ ಇದ್ದರೆ ಜನ ಅದಕ್ಕೋಸ್ಕರ ಬಂದು ಬೀದಿಯನ್ನು ಒಂದು ಸುತ್ತು ಹಾಕುತ್ತಾರೆ, ಹಾಗೇ ನಿಮ್ಮ ಗಾಜಿನೊಳಗೂ ಇಣುಕುತ್ತಾರೆ. ಅದು ಖಾಲಿಯಾದರೆ ಆ ಸುತ್ತು ಅಲ್ಲಿಗೇ ತುಂಡಾಗುತ್ತದೆ. ಅಷ್ಟು ದೊಡ್ಡ ಜಾಗವನ್ನು ಒಬ್ಬರೇ ಹಿಡಿಯುವ ಕಾಲ ಹೋಗುತ್ತಿದೆ, ಒಡೆದು ಮೂರು ನಾಲ್ಕು ಮಳಿಗೆ ಮಾಡಿದರೆ ಮಾತ್ರ ಬೇಗ ತುಂಬುತ್ತದೆ. ಆ ಕಟ್ಟಡಕ್ಕೆ ಒಳಗೆ ಗೋಡೆ ಎಬ್ಬಿಸುವ ಅರ್ಜಿ ಏನಾದರೂ ಬಂದಿದೆಯಾ ಅಂತ ನಗರಾಡಳಿತದ ಕಚೇರಿಯಲ್ಲಿ ವಿಚಾರಿಸಿ. ಒಂದು ಸಲ ಹೋಗಿ ಬರುವ ಕೆಲಸ, ಆದರೆ ಸಿಗುವ ಉತ್ತರಕ್ಕೆ ತುಂಬಾ ಬೆಲೆ ಇದೆ.

ಖಾಲಿ ಬಿಟ್ಟರೂ ಬಾಡಿಗೆ ಯಾಕೆ ಇಳಿಸುವುದಿಲ್ಲ? ಹಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಟವೂ ಕೆಲವರಲ್ಲಿ ಇರುತ್ತದೆ, ಆದರೆ ಬಹಳ ಸಲ ಕಾರಣ ಬ್ಯಾಂಕು. ಒಂದು ಲೆಕ್ಕ ನೋಡಿ. ತಿಂಗಳ ಬಾಡಿಗೆ 100 ಅಂದುಕೊಳ್ಳಿ, ವರ್ಷಕ್ಕೆ 1,200. ಕಟ್ಟಡಕ್ಕೆ ಬೆಲೆ ಕಟ್ಟುವವರು 6% ಪ್ರತಿಫಲ ಹಿಡಿದರೆ, ಅಂದರೆ ವರ್ಷದ ಬಾಡಿಗೆ ಕಟ್ಟಡದ ಬೆಲೆಯ 6% ಅಂತ ಲೆಕ್ಕ ಹಾಕಿದರೆ, ಅದರ ಬೆಲೆ 20,000. ಇದರ ಮೇಲೆ ಮಾಲೀಕರು 12,000 ಸಾಲ ಎತ್ತಿದ್ದಾರೆ, ಅಂದರೆ 60%. ಈಗ ಬಾಡಿಗೆಯನ್ನು 70ಕ್ಕೆ ಇಳಿಸಿ ಕರಾರು ಮಾಡಿದರೆ ವರ್ಷಕ್ಕೆ 840, ಕಟ್ಟಡದ ಬೆಲೆ 14,000ಕ್ಕೆ ಬಿತ್ತು. ಅದೇ 12,000 ಸಾಲ ಈಗ 86% ಆಯಿತು. ಬ್ಯಾಂಕಿನವರು ಸುಮ್ನೆ ಕೂರುವುದಿಲ್ಲ, ಇನ್ನಷ್ಟು ಜಾಮೀನು ಕೊಡಿ ಅಥವಾ ಸಾಲ ಇಳಿಸಿ ಅನ್ನುತ್ತಾರೆ. ಖಾಲಿ ಇದ್ದಾಗ "ಮುಂದೆ 100 ಬರುತ್ತದೆ" ಅಂತ ಕಾಗದದಲ್ಲಿ ತೋರಿಸಿಕೊಂಡು ಕಾಯಬಹುದು. ಜೊತೆಗೆ, ಒಬ್ಬರಿಗೆ 70ಕ್ಕೆ ಕೊಟ್ಟದ್ದು ಗೊತ್ತಾದರೆ ಅದೇ ಕಟ್ಟಡದ ಉಳಿದವರೂ ಕೇಳುತ್ತಾರೆ ಅನ್ನುವ ಹೆದರಿಕೆ ಬೇರೆ.

ಇದನ್ನು ಸರಿಮಾಡಲು ಕೆಲವು ನಗರಗಳು ಕೈ ಹಾಕಿವೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2020ರಲ್ಲಿ ಮತದಾರರು ಒಪ್ಪಿದ ಖಾಲಿ ಮಳಿಗೆ ತೆರಿಗೆ 2022ರಿಂದ ಜಾರಿಗೆ ಬಂತು. ಇಂಗ್ಲೆಂಡಿನಲ್ಲಿ 2024ರ ಡಿಸೆಂಬರ್‌ನಿಂದ, 24 ತಿಂಗಳಲ್ಲಿ 365 ದಿನಕ್ಕಿಂತ ಜಾಸ್ತಿ ಖಾಲಿ ಇದ್ದ ಮಳಿಗೆಯ ಬಾಡಿಗೆ ಹಕ್ಕನ್ನು ಸ್ಥಳೀಯ ಆಡಳಿತ ಹರಾಜು ಹಾಕಬಹುದು. ಪ್ಯಾರಿಸ್ 2004ರಿಂದ ಒಂದು ಸಂಸ್ಥೆಯ ಮೂಲಕ ನೆಲಮಹಡಿ ಮಳಿಗೆಗಳನ್ನು ತಾನೇ ಕೊಂಡು ಸಣ್ಣ ವ್ಯಾಪಾರಿಗಳಿಗೆ ಬಾಡಿಗೆಗೆ ಕೊಡತೊಡಗಿತು. ನನಗೆ ಇವೆಲ್ಲಕ್ಕಿಂತ ಹಿಡಿಸುವುದು ಟೊರಾಂಟೊದ ಬ್ಲೂರ್ ವೆಸ್ಟ್ ವಿಲೇಜ್‌ನ ದಾರಿ. 1970ರಲ್ಲಿ ಅಲ್ಲಿನ ವ್ಯಾಪಾರಿಗಳು ತಮ್ಮ ಮೇಲೆ ತಾವೇ ಒಂದು ಕರ ಹಾಕಿಕೊಂಡು, ಆ ಹಣವನ್ನು ತಮ್ಮ ಬೀದಿಯ ಅಂದ ಹೆಚ್ಚಿಸಲು, ಪ್ರಚಾರಕ್ಕೆ ಖರ್ಚು ಮಾಡುವ ಏರ್ಪಾಡು ಮಾಡಿಕೊಂಡರು. ಆಮೇಲೆ ಅದನ್ನು ಬೇರೆ ದೇಶಗಳೂ ನಕಲು ಮಾಡಿದವು. ನಿಮ್ಮ ಬೀದಿಯಲ್ಲಿ ವ್ಯಾಪಾರಿಗಳ ಸಂಘ ಇದ್ದರೆ ಮುಂದಿನ ಸಭೆಯಲ್ಲಿ ಇದನ್ನು ಎತ್ತಿ. ಆದರೆ 4 ತಿಂಗಳೊಳಗೆ ಇದರಿಂದ ನಿಮಗೆ ಏನೂ ಸಿಗುವುದಿಲ್ಲ, ಅದೂ ಗೊತ್ತಿರಲಿ.

ತಮ್ಮನ ಪಾರ್ಕಿಂಗ್ ಮಾತು. ಗಿರಾಕಿಗಳೆಲ್ಲ ಕಾರಿನಲ್ಲೇ ಬರುತ್ತಾರೆ ಅಂತ ವ್ಯಾಪಾರಿಗಳು ಎಲ್ಲ ಕಡೆ ನಂಬಿರುತ್ತಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅಂಗಡಿಯವರನ್ನು ಕೇಳಿದಾಗ ನೂರಕ್ಕೆ 41 ಜನ ಕಾರಿನಲ್ಲಿ ಬರುತ್ತಾರೆ ಅಂದರು, ಗಿರಾಕಿಗಳನ್ನೇ ಕೇಳಿದಾಗ ಸಿಕ್ಕಿದ್ದು 22. ಕೋಪನ್‌ಹೇಗನ್‌ನ ಸ್ಟ್ರೋಯೆಟ್ ಬೀದಿಯಲ್ಲಿ 1962ರಲ್ಲಿ ಕಾರು ಓಡಾಟ ನಿಲ್ಲಿಸಿದಾಗ ವ್ಯಾಪಾರ ಹಾಳಾಗುತ್ತದೆ ಅಂತ ಗಲಾಟೆ ಆಗಿತ್ತು, ಇವತ್ತಿಗೂ ಅದು ಆ ನಗರದ ಮುಖ್ಯ ವ್ಯಾಪಾರದ ಬೀದಿ. ಹಾಗಂತ ಕಾರು ಓಡಾಟ ನಿಲ್ಲಿಸಿದರೆ ಸಾಕು ಅಂತಲ್ಲ. ಅಮೆರಿಕದ ಕಲಮಝೂ 1959ರಲ್ಲಿ ಹಾಗೆ ಮಾಡಿ, 1998ರಲ್ಲಿ ಬೀದಿಯ ಒಂದು ಭಾಗವನ್ನು ಮತ್ತೆ ವಾಹನಗಳಿಗೆ ಬಿಟ್ಟಿತು. ಸುತ್ತಮುತ್ತ ಮನೆಗಳಿದ್ದು, ನಡೆದೋ ಬಸ್ಸಿನಲ್ಲೋ ಬರುವ ಜನ ಇದ್ದರೆ ಪಾರ್ಕಿಂಗ್ ಅಷ್ಟು ದೊಡ್ಡ ವಿಷಯ ಅಲ್ಲ. ಇಲ್ಲದಿದ್ದರೆ ಹೌದು.

ಈಗ ನಿಮ್ಮ ಅಂಗಡಿಯ ಒಳಗೆ ಬರೋಣ. ಒಂದು ಪ್ರಶ್ನೆಗೆ ಉತ್ತರ ಸಿಗದೆ ಯಾವ ನಿರ್ಧಾರವನ್ನೂ ಮಾಡಬೇಡಿ: ನಿಮ್ಮ ಗಿರಾಕಿ ನಿಮ್ಮನ್ನು ಹುಡುಕಿಕೊಂಡು ಬರುವವರಾ, ಅಥವಾ ದಾರಿಯಲ್ಲಿ ಹೋಗುವಾಗ ಒಳಗೆ ಬರುವವರಾ? ರಿಪೇರಿಯವರು ಹುಡುಕಿಕೊಂಡು ಬರುತ್ತಾರೆ. ಕೊಡಲು ಒಂದು ಸಲ, ತೆಗೆದುಕೊಂಡು ಹೋಗಲು ಇನ್ನೊಂದು ಸಲ. ಬೀದಿ ಸ್ವಲ್ಪ ಖಾಲಿಯಾದರೂ ಅವರು ಬರುವುದು ನಿಲ್ಲುವುದಿಲ್ಲ. ಹೊಸ ವಾಚ್ ಕೊಳ್ಳುವವರಲ್ಲಿ ಬಹಳ ಮಂದಿ ಗಾಜಿನಲ್ಲಿ ನೋಡಿ ಒಳಗೆ ಬಂದವರು, ಅವರು ಬೀದಿಯ ಜನಸಂದಣಿ ಮೇಲೆ ನಿಂತವರು, ಆನ್‌ಲೈನ್‌ಗೂ ಅವರೇ ಮೊದಲು ಹೋಗುವುದು. ಕಳೆದ ಮೂರು ತಿಂಗಳ ಬಿಲ್ ಪುಸ್ತಕ, ರಿಪೇರಿ ಚೀಟಿ ಎರಡನ್ನೂ ಮುಂದಿಟ್ಟುಕೊಂಡು ಕೂತುಕೊಳ್ಳಿ. ವಹಿವಾಟನ್ನು ನೋಡಬೇಡಿ, ಖರ್ಚು ಕಳೆದು ಉಳಿದದ್ದನ್ನು ನೋಡಿ. ಒಂದು ಹೊಸ ವಾಚ್ ಮಾರಿದಾಗ ಗಲ್ಲಾಕ್ಕೆ ದೊಡ್ಡ ಮೊತ್ತ ಬರುತ್ತದೆ, ಅದರಲ್ಲಿ ನಿಮ್ಮದು ಚೂರು. ಬ್ಯಾಟರಿ ಹಾಕಿ, ಪಟ್ಟಿ ಬದಲಿಸಿ ಕೊಟ್ಟದ್ದು ಸಣ್ಣ ಮೊತ್ತ, ಆದರೆ ಬಹುಪಾಲು ನಿಮ್ಮದೇ. ಲಾಭದಲ್ಲಿ ಮುಕ್ಕಾಲು ರಿಪೇರಿಯಿಂದ ಬರುತ್ತಿದ್ದರೆ ನೀವು ಹೆದರಿದ್ದಕ್ಕಿಂತ ತುಂಬಾ ಗಟ್ಟಿ ಇದ್ದೀರಿ.

ಹಾಗಿದ್ದರೆ ಮನೆಯವರು ಹೇಳಿದ ಮಹಡಿ ಕೋಣೆ ಒಳ್ಳೆಯ ಯೋಚನೆ, ಅದನ್ನು ತಳ್ಳಿಹಾಕಬೇಡಿ. ಬಾಡಿಗೆ ಎದ್ದು ಕಾಣುವಷ್ಟು ಇಳಿಯುತ್ತದೆ, ವಿಳಾಸದ ಬೀದಿ ಬದಲಾಗುವುದಿಲ್ಲ. ಹಳೆ ವಾಚ್ ತರುವವರಲ್ಲಿ ವಯಸ್ಸಾದವರು ಜಾಸ್ತಿ, ಲಿಫ್ಟ್ ಇಲ್ಲದಿದ್ದರೆ ಅವರು ಹತ್ತುವುದಿಲ್ಲ, ಇದೇ ಅಪಾಯ. ಕೆಳಗೆ ಬಾಗಿಲ ಹತ್ತಿರ ಬೋರ್ಡ್ ಹಾಕಲು ಅನುಮತಿ ಕರಾರಿನಲ್ಲೇ ಬರೆಸಿಕೊಳ್ಳಬೇಕು, ಬಾಯಿಮಾತು ಸಾಲದು. ಹೊಸ ವಾಚ್ ಮಾರಾಟ ಅರ್ಧದಷ್ಟು ಬಿದ್ದರೂ ತಡೆಯುತ್ತದೆಯಾ ಅಂತ ಲೆಕ್ಕ ಹಾಕಿಯೇ ಹೋಗಿ.

ಮಾಲ್ ಬಗ್ಗೆ ನನಗೆ ಅನುಮಾನ ಇದೆ. ಅಲ್ಲಿ ಬಾಡಿಗೆಯ ಮೇಲೆ ನಿರ್ವಹಣೆ ಶುಲ್ಕ ಇರುತ್ತದೆ, ಅದು ವರ್ಷ ವರ್ಷ ಏರುತ್ತದೆ. ಎಷ್ಟೋ ಕಡೆ ಮಾರಾಟದಲ್ಲೂ ಒಂದು ಪಾಲು ಕೇಳುತ್ತಾರೆ. ಬೆಳಗ್ಗೆಯಿಂದ ರಾತ್ರಿವರೆಗೆ ಅವರು ಹೇಳಿದ ಹೊತ್ತಿಗೆ ತೆರೆದಿರಲೇಬೇಕು, ಅಂದರೆ ಇನ್ನೊಬ್ಬ ಕೆಲಸಗಾರ ಬೇಕು. ಒಳಗಿನ ಅಲಂಕಾರ ಅವರ ನಿಯಮದಂತೆ ಮಾಡಿಸಬೇಕು, ಬಿಟ್ಟು ಹೋಗುವಾಗ ಅದರಲ್ಲಿ ಏನೂ ವಾಪಸ್ ಬರುವುದಿಲ್ಲ. ಮಾಲ್‌ನ ದೊಡ್ಡ ಅಂಗಡಿ ಹೋದರೆ ಅಲ್ಲೂ ನಿಮ್ಮ ಮೂಲೆಯ ಕಥೆಯೇ ಆಗುತ್ತದೆ, ಇಲ್ಲಿಗಿಂತ ಬೇಗ. ಎಲ್ಲಕ್ಕಿಂತ ಹೆಚ್ಚಾಗಿ, 11 ವರ್ಷದ ರಿಪೇರಿ ಗಿರಾಕಿ ಊರಾಚೆ ಬರುತ್ತಾರಾ? ಲಾಭದ ಹೆಚ್ಚು ಪಾಲು ಹೊಸ ವಾಚ್‌ಗಳಿಂದಲೇ ಬರುತ್ತಿದ್ದರೆ ಮಾತ್ರ ತಮ್ಮನ ಮಾತನ್ನು ಮುಂದುವರಿಸಿ.

ಇದೇ ಮಳಿಗೆಯಲ್ಲಿ ಉಳಿಯುವುದಾದರೆ ಕುದುರಿಸಲು ಈಗ ನಿಮ್ಮ ಕೈ ಮೇಲಿದೆ. 11 ವರ್ಷ ಬಾಡಿಗೆ ತಪ್ಪಿಸದೆ ಕೊಟ್ಟವರು ಹೋದರೆ ಮೂಲೆಯ ಹಾಗೆ ತನ್ನದೂ ಖಾಲಿ ಬೀಳಬಹುದು ಅಂತ ಮಾಲೀಕರಿಗೂ ಗೊತ್ತಿದೆ. ಆದರೆ ಬಾಡಿಗೆ ಇಳಿಸಿ ಅಂತ ಕೇಳಬೇಡಿ, ಮೇಲೆ ಹೇಳಿದ ಬ್ಯಾಂಕಿನ ಕಾರಣಕ್ಕೆ ಅವರಿಗೆ ಅದು ಕಷ್ಟ. ಬಾಡಿಗೆ ಇಲ್ಲದ ತಿಂಗಳು ಕೇಳಿ. ಈಗಿನ ಬಾಡಿಗೆ 100 ಇದ್ದು 115ಕ್ಕೆ ಒಪ್ಪಿ, 60 ತಿಂಗಳಲ್ಲಿ 6 ತಿಂಗಳು ಬಿಡಿಸಿಕೊಂಡರೆ ತಿಂಗಳ ಸರಾಸರಿ 103.5 ಆಗುತ್ತದೆ. ಅವರ ಕಾಗದದಲ್ಲಿ 115 ಉಳಿಯುತ್ತದೆ, ನಿಮಗೆ ಹೆಚ್ಚುಕಡಿಮೆ ಹಳೆಯ ಬಾಡಿಗೆಯೇ. ಒಂದು ತೊಂದರೆ ಇದೆ: 5 ವರ್ಷದ ನಂತರ ಮಾತು ಶುರುವಾಗುವುದು 115ರಿಂದ.

ಅದಕ್ಕಿಂತ ಮುಖ್ಯವಾದದ್ದು ಹೊರಬರುವ ದಾರಿ. ಎರಡು ವರ್ಷ ಆದ ಮೇಲೆ, 4 ತಿಂಗಳ ಮುಂಚೆ ನೋಟಿಸ್ ಕೊಟ್ಟು ದಂಡ ಇಲ್ಲದೆ ಬಿಡುವ ಹಕ್ಕು ನಿಮಗೆ ಇರಬೇಕು, ಇದನ್ನು ಕೊಡದಿದ್ದರೆ ಉಳಿದದ್ದೆಲ್ಲ ಕೊಟ್ಟರೂ ನಾನಾದರೆ ಸಹಿ ಹಾಕುವುದಿಲ್ಲ. ಅದಕ್ಕೆ ಅವರು ಸುತರಾಂ ಒಪ್ಪದೆ, ಆದರೂ ನೀವು ಇಲ್ಲೇ ಉಳಿಯಬೇಕು ಅಂದುಕೊಂಡರೆ, ಇನ್ನೊಬ್ಬರಿಗೆ ಕರಾರು ವರ್ಗಾಯಿಸುವ ಹಕ್ಕನ್ನಾದರೂ ಕೇಳಿ, ಸಕಾರಣವಿಲ್ಲದೆ ಮಾಲೀಕರು ಅದನ್ನು ತಡೆಯುವ ಹಾಗಿಲ್ಲ ಅಂತ ಬರೆಸಿ. ಮನೆ ಅಥವಾ ಸ್ವಂತ ಆಸ್ತಿಯ ಮೇಲೆ ವೈಯಕ್ತಿಕ ಖಾತರಿ ಕೇಳಿದರೆ ಕೊಡಬೇಡಿ. ಅಂಗಡಿ ಹೋದರೂ ಮನೆ ಉಳಿಯಬೇಕು. ನಾಲ್ಕನೆಯ ರೆಸ್ಟೋರೆಂಟ್‌ನವರನ್ನೂ ಮಾತಾಡಿಸಿ, ಎಷ್ಟು ವರ್ಷಕ್ಕೆ ಸಹಿ ಹಾಕಿದರು, ಎಷ್ಟು ತಿಂಗಳು ಬಾಡಿಗೆ ಬಿಡಿಸಿಕೊಂಡರು ಅಂತ. ಬೀದಿಯ ನಿಜವಾದ ದರ ಗೊತ್ತಾಗುವುದು ಹಾಗೆಯೇ.

ಇದೆಲ್ಲಕ್ಕೂ ಮುಂಚೆ ಒಂದು ವಾರ ಜನರನ್ನು ಎಣಿಸಿ. ಮಂಗಳವಾರ, ಶುಕ್ರವಾರ, ಶನಿವಾರ, ಬೆಳಗ್ಗೆ ಮಧ್ಯಾಹ್ನ ಸಂಜೆ ಒಂದೊಂದು ಗಂಟೆ, ನಿಮ್ಮ ಬಾಗಿಲ ಮುಂದೆ ಎಷ್ಟು ಮಂದಿ ಹೋದರು, ಎಷ್ಟು ಮಂದಿ ಒಳಗೆ ಬಂದರು. ಮೂರು ತಿಂಗಳು ಬಿಟ್ಟು ಮತ್ತೆ ಎಣಿಸಿದರೆ ಬೀದಿ ಯಾವ ಕಡೆ ಹೋಗುತ್ತಿದೆ ಅಂತ ನಿಮಗೇ ಕಾಣುತ್ತದೆ, ಯಾರ ಮಾತನ್ನೂ ನಂಬಬೇಕಿಲ್ಲ. ಮತ್ತೆ, ಹಳೆಯ ಕರಾರನ್ನು ಇವತ್ತೇ ತೆಗೆದು ಓದಿ. ಮುಂದುವರಿಸುವ ಬಗ್ಗೆ ಇಷ್ಟು ತಿಂಗಳ ಮುಂಚೆ ಲಿಖಿತವಾಗಿ ತಿಳಿಸಬೇಕು ಅನ್ನುವ ಷರತ್ತು ಬಹಳಷ್ಟು ಕರಾರುಗಳಲ್ಲಿ ಇರುತ್ತದೆ, ಕೆಲವದರಲ್ಲಿ ಅದು ಮೂರು ತಿಂಗಳು. ಹಾಗಿದ್ದರೆ ನಿಮಗೆ ಉಳಿದಿರುವುದು 4 ತಿಂಗಳಲ್ಲ, ಒಂದೇ ತಿಂಗಳು. ಅವಧಿ ಮುಗಿದ ಮೇಲೆ ಸುಮ್ನೆ ಕೂತಿದ್ದರೆ ದುಪ್ಪಟ್ಟು ಬಾಡಿಗೆ ಅಂತಲೂ ಕೆಲವರು ಬರೆಸಿರುತ್ತಾರೆ. ಆ ಎರಡು ಸಾಲುಗಳನ್ನು ವಕೀಲರಿಗೆ ತೋರಿಸಿ, ಆಮೇಲೆ ಮಾಲೀಕರಿಗೆ ಪತ್ರ ಬರೆಯಿರಿ.